ಗುಬ್ಬಿಯಲ್ಲಿ ಅವನು ‘ಬುಡು’ ಅಂದಾಗ

ನನ್ನ ತಮ್ಮ ಬೇಸ್ ಗಿಟಾರ್ ನುಡಿಸುವ ಬ್ಯಾಂಡಿನಲ್ಲಿ ಇರುವುದು ಮೂರೇ ಜನ. ಅವರಲ್ಲಿ ಡ್ರಮ್ಸ್ ನುಡಿಸುವವನು ಹೋದ ವರ್ಷ ಶ್ರಾವಣದಲ್ಲಿ, ಆಯುಧಪೂಜೆ ಆದಮೇಲೆ ನಾನು ಬರಲ್ಲ ಅಂದ. ಜಗಳ ಆಡಲಿಲ್ಲ, ಕಾರಣ ಹೇಳಲಿಲ್ಲ. ಪ್ರಾಕ್ಟೀಸಿನ ಶೆಡ್ಡಿಗೆ ಬಂದಾಗಲೆಲ್ಲ ತನ್ನ ಸಾಮಾನು ಒಂದೊಂದನ್ನೇ ಮನೆಗೆ ಒಯ್ಯಲು ಶುರುಮಾಡಿದ. ಮೊದಲು ಸಿಂಬಲ್ ಅನ್ನುವ ದೊಡ್ಡ ಹಿತ್ತಾಳೆ ತಟ್ಟೆ ಹೋಯಿತು. ಆಮೇಲೆ ಕೂರುವ ಸ್ಟೂಲು ಹೋಯಿತು. ಅಂದಿನಿಂದ ಖಾಲಿ ಆಯಿಲ್ ಡಬ್ಬ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ನುಡಿಸುತ್ತಿದ್ದ.

“ಅಕ್ಕ, ನೀನೇ ಒಂದ್ಸಲ ಮಾತಾಡು,” ಅಂದ ತಮ್ಮ. “ನಿನ್ನ ಮೊಬೈಲಲ್ಲಿ ನಮ್ಮ ಶೋ ಎಲ್ಲಾ ಇದೆಯಲ್ಲ. ಚೆನ್ನಾಗಿರೋದೊಂದು ಕೇಳ್ಸು. ಕೇಳಿದ್ರೆ ಮನಸ್ಸು ಬದಲಾಯಿಸ್ತಾನೆ.”

“ಯಾವುದು ಚೆನ್ನಾಗಿರೋದು?”

“ನಂಗೆ ಹೆಂಗೊತ್ತು? ನಾನು ಬೆರಳು ನೋಡ್ಕೊಂಡು ನಿಂತಿರ್ತೀನಿ. ಕೇಳಿಸ್ಕೊಂಡಿರೋಳು ನೀನು.”

ಅವನು ಹೇಳಿದ್ದು ನಿಜ. ಈ ಬ್ಯಾಂಡ್ ಎಲ್ಲಿ ನುಡಿಸಿದರೂ ನಾನು ಹೋಗಿದ್ದೇನೆ. ಮೊದಮೊದಲು ಅಮ್ಮ ಕಳಿಸುತ್ತಿದ್ದಳು, ತಮ್ಮ ಊಟ ಮಾಡದೆ ಬಂದುಬಿಡುತ್ತಾನೆಂದು. ಆಮೇಲೆ ಯಾರೂ ಕಳಿಸಬೇಕಾಗಲಿಲ್ಲ. ನಾನು ಇತಿಹಾಸ ಓದಿದವಳು, ಪಿಯು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡವರ ಮಾತನ್ನೂ ಪೂರ್ತಿ ನಂಬಬೇಡಿ ಎಂದು ಮಕ್ಕಳಿಗೆ ಹೇಳುವವಳು ನನ್ನ ನೆನಪನ್ನು ನಂಬುವುದು ಹೇಗೆ? ಅದಕ್ಕೇ ಡೈರಿ ಬರೆಯುತ್ತೇನೆ, ಅದಕ್ಕೇ ಮೊಬೈಲನ್ನು ಯಾವುದಾದರೂ ಕುರ್ಚಿಯ ಮೇಲಿಟ್ಟು ರೆಕಾರ್ಡ್ ಮಾಡುತ್ತೇನೆ. ಆದರೂ ತಪ್ಪು ನುಸುಳುತ್ತದೆ. ಅವರನ್ನು ಮೊದಲ ಸಲ ಕೇಳಿದ್ದು ತುಮಕೂರಿನ ಅಮಾನಿಕೆರೆ ಪಕ್ಕದ ಗಾಜಿನ ಮನೆಯಲ್ಲಿ. ಆ ಸಂಜೆ ಗಾಜಿನ ಮೇಲೆ ಸಣ್ಣಗೆ ಮಳೆ ಬೀಳುತ್ತಿತ್ತು, ಅದರ ಜೊತೆಗೇ ಡ್ರಮ್ಸ್ ಶುರುವಾಯಿತು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೆ. ಒಂದು ದಿನ ಕೇಳಿಸಿಕೊಳ್ಳುತ್ತಿದ್ದ ತಮ್ಮ ನಕ್ಕುಬಿಟ್ಟ. ಅವತ್ತು ಬಿಸಿಲಿತ್ತಂತೆ. ಕಡ್ಡಿಗಳ ಬದಲು ಕುಂಚದಂಥದೊಂದು ಹಿಡಿದು ಡ್ರಮ್ಸಿನವನು ಸಿಂಬಲನ್ನು ಸವರುತ್ತಿದ್ದನಂತೆ. ಸದ್ದನ್ನು ಇಟ್ಟುಕೊಂಡು ನಾನೇ ಮಳೆ ತರಿಸಿದ್ದೆ. ಈಗಲೂ ಆ ಸಂಜೆ ನೆನೆದರೆ ಗಾಜು ಒದ್ದೆಯಾಗಿಯೇ ಕಾಣುತ್ತದೆ.

ಅವರು ನುಡಿಸುವುದನ್ನು ತಮ್ಮ ‘ಜ್ಯಾಮ್’ ಅನ್ನುತ್ತಾನೆ. ನಮ್ಮ ಸಂಗೀತದಲ್ಲಿ ಮನೋಧರ್ಮ ಅನ್ನುತ್ತಾರಲ್ಲ, ಹೆಚ್ಚೂಕಡಿಮೆ ಅದೇ. ಸದ್ದು ಮಾತ್ರ ರಾಕ್‌ನದು. ಎಲ್ಲರಿಗೂ ಗೊತ್ತಿರುವ ಒಂದು ಧಾಟಿ ಹಿಡಿದು ಹೊರಡುತ್ತಾರೆ. ದಾರಿಯಲ್ಲಿ ಯಾವುದೋ ಒಂದು ಸ್ವರ ಕಾಲಿಗೆ ಸಿಕ್ಕಿದರೆ ಅಲ್ಲೇ ತಿರುಗಿಬಿಡುತ್ತಾರೆ. ಎಲ್ಲಿಗೆ ಹೋಗುತ್ತೇವೆಂದು ಮೂವರಿಗೂ ಗೊತ್ತಿರುವುದಿಲ್ಲ. ಕೆಲವು ಸಲ ಎಲ್ಲಿಗೂ ಹೋಗುವುದಿಲ್ಲ. ಅರ್ಧ ಗಂಟೆ ನುಡಿಸಿ ಬೆವರು ಒರೆಸಿಕೊಂಡು ಇಳಿಯುತ್ತಾರೆ, ನಾನು ಡಬ್ಬಿ ತೆಗೆದು ಚಪಾತಿ ಕೊಡುತ್ತೇನೆ. ಕೆಲವು ಸಲ ಮಾತ್ರ ಏನೋ ಆಗುತ್ತದೆ. ಆ ಕೆಲವು ಸಲಕ್ಕಾಗಿಯೇ ನಾನು ಹೋಗುವುದು.

ಹಾಗೆ ಏನೋ ಆದದ್ದು ಗುಬ್ಬಿಯಲ್ಲಿ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅದು ಒಂದು ಬಡಾವಣೆಯವರು ಮಾಡಿದ ರಾಜ್ಯೋತ್ಸವ. ಬ್ಯಾನರಿನಲ್ಲಿ ‘ಅದ್ದೂರಿ ರಸಮಂಜರಿ’ ಎಂದಿತ್ತು. ಗಿಟಾರ್ ನುಡಿಸುವವನು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಾನೆ. ಅಲ್ಲಿನ ಪರಿಚಯದಲ್ಲಿ ಸಿಕ್ಕ ಕಾರ್ಯಕ್ರಮ. ಸ್ಟೇಜಿನ ಪಕ್ಕ ನಿಂತಿದ್ದ ಶಲ್ಯದ ಯಜಮಾನರು ಮೂವರನ್ನೂ ನೋಡಿ, “ಹಾಡೋರೆಲ್ಲಿ?” ಅಂದರು.

“ಹಾಡೋರಿಲ್ಲ ಸಾರ್. ನುಡಿಸೋದಷ್ಟೆ,” ಅಂದ ತಮ್ಮ.

“ಹಾಡೋರಿಲ್ದೆ ಅದೆಂಥ ಆರ್ಕೆಸ್ಟ್ರಾ? ಜನ ನನ್ನ ಸುಮ್ನೆ ಬುಡ್ತಾರಾ?”

“ಗಿಟಾರೇ ಹಾಡ್ತದೆ ಸಾರ್, ನೀವು ಕುಂತ್ಕಳಿ,” ಅಂದ ಗಿಟಾರಿನವನು. ಅವನಿಗೆ ಇಂಥ ಧೈರ್ಯ ಜಾಸ್ತಿ.

ಊರಿಗೆಲ್ಲ ಬಾಯಿಪಾಠವಿದ್ದ ಒಂದು ಹಳೆಯ ಸಿನಿಮಾ ಹಾಡಿನ ಧಾಟಿ ಎತ್ತಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಚರಣದ ಕೊನೆಯ ಸಾಲಿಗೆ ಬಂದಾಗ ಗಿಟಾರಿನವನು ಪಲ್ಲವಿಗೆ ಹಿಂತಿರುಗಲಿಲ್ಲ. ಅದೇ ಸಾಲನ್ನು ಮತ್ತೆ ನುಡಿಸಿದ. ಮತ್ತೆ ನುಡಿಸಿದ. ಪ್ರತಿ ಸಲವೂ ಒಂದು ಸ್ವರ ಉದುರಿಸುತ್ತ ಬಂದ. ಕೊನೆಗೆ ಎರಡೇ ಸ್ವರ ಉಳಿದವು, ಬಾಗಿಲ ತಿರುಗಣಿ ಆಚೆಗೊಮ್ಮೆ ಈಚೆಗೊಮ್ಮೆ ಕಿರುಗುಟ್ಟಿದ ಹಾಗೆ. ನನ್ನ ಹಿಂದೆ ಕೂತಿದ್ದ ಹುಡುಗರು, “ಸೀಡಿ ಸಿಕ್ಕಾಕ್ಕೊಂಡೈತೆ ಕಣ್ಲಾ,” ಅಂದು ನಕ್ಕರು. ಯಾರೋ ಸಿಳ್ಳೆ ಹಾಕಿದರು. ಆಗ ಡ್ರಮ್ಸಿನವನು ಕತ್ತೆತ್ತಿ ಕೂಗಿದ. “ಬುಡು.” ಒಂದು ಸುತ್ತು ಬಿಟ್ಟು ಮತ್ತೆ, ಇನ್ನೂ ಜೋರಾಗಿ, “ಬುಡ್ಲಾ.”

ಗಿಟಾರಿನವನು ಬಿಟ್ಟ. ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳಬೇಕೋ ಇವತ್ತಿಗೂ ನನಗೆ ತೋಚಿಲ್ಲ. ಅದುವರೆಗೆ ತಡೆದಿಟ್ಟಿದ್ದ ಸ್ವರಗಳೆಲ್ಲ ಒಂದರ ಹಿಂದೊಂದು ನುಗ್ಗಿ ಬಂದವು. ಅಷ್ಟು ಹೊತ್ತಿನಿಂದ ಒಂದೇ ಹೆಜ್ಜೆ ಹಾಕುತ್ತಿದ್ದ ತಮ್ಮನ ಬೇಸ್ ಆ ರಭಸಕ್ಕೆ ತಾನೂ ಓಡತೊಡಗಿತು. ಚಿತ್ರಾನ್ನ ಹಂಚುತ್ತಿದ್ದ ಹೆಂಗಸು ಸೌಟು ಹಿಡಿದೇ ನಿಂತಳು. ಎಷ್ಟು ಹೊತ್ತು ನಡೆಯಿತೋ ಆಗ ಗೊತ್ತಾಗಲಿಲ್ಲ. ಕೊನೆಗೆ, ಮರೆತೇ ಹೋಗಿದ್ದ ಆ ಸಿನಿಮಾ ಹಾಡಿನ ಪಲ್ಲವಿ ಎಲ್ಲಿಂದಲೋ ಎದ್ದು ಬಂದಾಗ, ಹಾಡುವವರಿಲ್ಲದ ಆ ರಸಮಂಜರಿಯಲ್ಲಿ ಮೈದಾನವೇ ಹಾಡಿತು. ಸೀಡಿ ಸಿಕ್ಕಾಕ್ಕೊಂಡೈತೆ ಅಂದಿದ್ದ ಹುಡುಗರೂ ಹಾಡಿದರು. ಶಲ್ಯದ ಯಜಮಾನರು ಗಿಟಾರಿನವನನ್ನು ಎತ್ತಿಕೊಂಡೇ ಬಿಟ್ಟರು.

ಆ ‘ಬುಡು’ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಒಬ್ಬ ಅಂಚಿನಲ್ಲಿ ಹೆದರಿ ನಿಂತಿದ್ದಾನೆ, ಇನ್ನೊಬ್ಬ ಹಿಂದಿನಿಂದ ‘ಬುಡು’ ಅನ್ನುತ್ತಾನೆ. ಸ್ನೇಹ ಅಂದರೆ ಇದೇ ಎಂದುಕೊಂಡೆ. ಡೈರಿಯಲ್ಲಿ ಇನ್ನೂ ದೊಡ್ಡ ಮಾತುಗಳನ್ನು ಬರೆದಿದ್ದೇನೆ, ಅವು ಅಲ್ಲೇ ಇರಲಿ. ಮೊಬೈಲಿಟ್ಟಿದ್ದ ಕುರ್ಚಿ ಡ್ರಮ್ಸಿನ ಪಕ್ಕದಲ್ಲೇ ಇತ್ತಾದ್ದರಿಂದ ಆ ಕೂಗು ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿತ್ತು. ಬಿಟ್ಟುಹೋಗುತ್ತೇನೆ ಅನ್ನುವವನಿಗೆ ಕೇಳಿಸಲು ಇದಕ್ಕಿಂತ ಬೇರೆ ಏನು ಬೇಕು?

ಪಿತೃಪಕ್ಷದ ಒಂದು ಮಧ್ಯಾಹ್ನ ಅವನ ಅಂಗಡಿಗೆ ಹೋದೆ. ಅವರದು ಮದುವೆಗಳಿಗೆ ಬ್ಯಾಂಡ್‌ಸೆಟ್ ಕಳಿಸುವ ಅಂಗಡಿ, ತುಮಕೂರಿನಲ್ಲಿ ಅವರ ತಾತನ ಕಾಲದಿಂದ ಇದೆ. ಗೋಡೆ ತುಂಬ ಜರಿಪಟ್ಟಿಯ ಕೆಂಪು ಕೋಟುಗಳು ನೇತಾಡುತ್ತವೆ. ಪಿತೃಪಕ್ಷದಲ್ಲಿ ಮದುವೆಗಳಿಲ್ಲ, ಅದಕ್ಕೇ ಅಪ್ಪ ಮಗ ಇಬ್ಬರೂ ಖಾಲಿ ಕೂತಿದ್ದರು. ಆಷಾಢ ಯಾವತ್ತು ಮುಗಿಯುತ್ತದೆ, ಧನುರ್ಮಾಸ ಯಾವತ್ತು ಹುಟ್ಟುತ್ತದೆ ಎಂಬುದು ನಮ್ಮಮ್ಮನಿಗಿಂತ ಅವನು ಅಬ್ಬ ಎಂದು ಕರೆಯುವ ಆ ಸಾಹೇಬರಿಗೆ ಚೆನ್ನಾಗಿ ಗೊತ್ತು. ಪಂಚಾಂಗದ ಕ್ಯಾಲೆಂಡರು ಅವರ ತಲೆಯ ಮೇಲೇ ತೂಗುತ್ತದೆ. ಅವರು ಕ್ಲಾರಿನೆಟ್ಟಿನ ತೂತು ಮುಚ್ಚುವ ಬಿರಡೆಗೆ ಹೊಸ ಚರ್ಮ ಅಂಟಿಸುತ್ತಿದ್ದರು. ಕೂತಿದ್ದದ್ದು ನಮ್ಮ ಶೆಡ್ಡಿನಿಂದ ಬಂದ ಆ ಸ್ಟೂಲಿನ ಮೇಲೆ.

“ಬಾರಮ್ಮ,” ಅಂದರು. “ನಿಂತು ಊದಕ್ಕೆ ಈಗ ದಮ್ ಸಾಲಲ್ಲ. ಈ ಸ್ಟೂಲ್ ಚೆನ್ನಾಗಿದೆ, ತಿರುಗುತ್ತೆ.” ಒಂದು ಸುತ್ತು ತಿರುಗಿ ತೋರಿಸಿದರು.

ಸ್ಟೂಲು ಯಾಕೆ ಹೋಯಿತು ಎಂದು ಆಗ ಗೊತ್ತಾಯಿತು. ಆದರೂ ಪೂರ್ತಿ ಕಾರಣ ಅದಲ್ಲವೇನೋ ಅನ್ನಿಸಿತು. ಮೊಬೈಲ್ ತೆಗೆದು ಮೇಜಿನ ಮೇಲಿಟ್ಟೆ. “ಒಂದೇ ಒಂದು ಕೇಳು. ಗುಬ್ಬೀದು,” ಅಂದೆ.

ಅವನು ತಲೆ ತಗ್ಗಿಸಿ ಕೇಳಿದ. ಎರಡು ಸ್ವರದ ಕಿರುಗುಟ್ಟುವಿಕೆ ಬಂತು. “ಬುಡು” ಬಂತು. “ಬುಡ್ಲಾ” ಬಂತು. ನಾನು ಅವನ ಮುಖ ನೋಡುತ್ತಿದ್ದೆ. ಅವನು ಕೈ ಚಾಚಿ ರೆಕಾರ್ಡಿಂಗ್ ನಿಲ್ಲಿಸಿದ.

“ಅಕ್ಕ, ನಾನು ನಿಲ್ಸು ಅಂದಿದ್ದು.”

“ಏನು?”

“ಬುಡು ಅಂದ್ರೆ, ಸಾಕು, ಇದನ್ನ ಬುಡು, ಮುಂದಿಂದಕ್ಕೆ ಹೋಗಣ ಅಂತ. ಮನೇಲಾಗಿದ್ರೆ ಛೋಡ್ ಅಂತಿದ್ದೆ. ಅವನಿಗೆ ಅರ್ಥ ಆಗ್ಲಿ ಅಂತ ಅವನ ಭಾಷೇಲೇ ಹೇಳ್ದೆ. ಬುಡು ಅನ್ನೋ ಮಾತು ನಾನು ಕಲ್ತಿದ್ದೇ ಅವನ ಹತ್ರ.”

ಅವನು ನಿಧಾನವಾಗಿ ಉಳಿದದ್ದನ್ನು ಹೇಳಿದ. ಆ ದಿನ ಗುಬ್ಬಿಯಲ್ಲಿ ಅವನ ಅಬ್ಬನ ಬ್ಯಾಂಡ್‌ಸೆಟ್ಟಿಗೂ ಒಂದು ಮದುವೆ ಕೆಲಸ ಇತ್ತು. ಮುಗಿಸಿಕೊಂಡು, ಮಗ ಮದುವೆಯಲ್ಲದ ಜಾಗದಲ್ಲಿ ಏನು ನುಡಿಸುತ್ತಾನೆ ನೋಡೋಣ ಎಂದು ಮೊದಲ ಸಲ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೆಣ್ಣನ್ನು ಕಳಿಸಿಕೊಡುವಾಗ ನುಡಿಸಲೆಂದು ಅವರೇ ಕಟ್ಟಿದ ಒಂದು ಧಾಟಿ ಇದೆ, ಬೇರೆ ಯಾವ ಸೆಟ್ಟಿನವರೂ ಅದನ್ನು ನುಡಿಸುವುದಿಲ್ಲ. ಸಿನಿಮಾ ಹಾಡು ಆದ ತಕ್ಷಣ ಅದನ್ನು ನುಡಿಸಬೇಕೆಂದು ಮೂವರೂ ಮಾತಾಡಿಕೊಂಡಿದ್ದರು. ಅಬ್ಬ ಬಂದಿರುವುದನ್ನು ಮಾತ್ರ ಇವನು ಉಳಿದಿಬ್ಬರಿಗೆ ಹೇಳಿರಲಿಲ್ಲ, ಹೇಳಲು ನಾಚಿಕೆಯಾಯಿತಂತೆ. ಸೆಟ್ಟಿನವರ ಟೆಂಪೋ ಹೊರಡುವ ಹೊತ್ತಾಗಿತ್ತು. ಗಿಟಾರಿನವನು ಅದೇ ಸಾಲು ಅರೆಯುತ್ತಿದ್ದ. ಬುಡು ಅಂದರೆ ಇನ್ನೂ ಜೋರಾಗಿ ಹೋದ. ಅಬ್ಬ ಎದ್ದು ಹೊರಟುಹೋದರು.

“ಅವನಿಗೆ ಹೇಳ್ಲಿಲ್ವಾ?”

“ಏನಂತ ಹೇಳ್ಲಿ? ಜನ ಅವನನ್ನ ಎತ್ಕೊಂಡು ಕುಣೀತಿದ್ರು. ನೀವೇ ಬಂದು, ‘ಸರಿಯಾದ ಟೈಮಿಗೆ ಬುಡು ಅಂದೆ ಕಣೋ’ ಅಂತ ಬೆನ್ನು ತಟ್ಟಿದ್ರಿ.”

ನನಗೆ ಅದು ನೆನಪೇ ಇಲ್ಲ. ತಟ್ಟಿರಬಹುದು.

“ಅವನು ಒಳ್ಳೆಯವನೇ ಅಕ್ಕ. ಕೈ ಓಡೋಕೆ ಶುರುವಾದ್ರೆ ಕಿವಿ ಮುಚ್ಕೊಂಡುಬಿಡುತ್ತೆ. ಅವತ್ತಿಂದ ಲೆಕ್ಕ ಹಾಕ್ತಾನೇ ಇದ್ದೆ, ಇವನು ನಮ್ಮನ್ನ ಯಾವತ್ತಾದ್ರೂ ಕೇಳಿಸ್ಕೊಂಡಿದ್ದಾನಾ ಅಂತ. ಒಂದೇ ಸಲ. ಕುಣಿಗಲ್‌ನಲ್ಲಿ.”

ಕುಣಿಗಲ್‌ನಲ್ಲಿ, ಹೈವೇ ಪಕ್ಕದ ಒಂದು ಹೋಟೆಲಿನ ಓಪನಿಂಗಿಗೆ ನುಡಿಸಿದ್ದರು, ಸಂಕ್ರಾಂತಿ ಆದಮೇಲೆ. ನನಗೆ ಅಲ್ಲಿನ ಊಟ ಚೆನ್ನಾಗಿ ನೆನಪಿದೆ, ಕೆರೆಯ ಕಡೆಯಿಂದ ಬರುತ್ತಿದ್ದ ಗಾಳಿಯೂ ನೆನಪಿದೆ. ಮಧ್ಯದಲ್ಲಿ ಕರೆಂಟು ಹೋಯಿತು, ಜನರೇಟರು ಹತ್ತಲಿಲ್ಲ. ಗಿಟಾರು, ಬೇಸು ಎರಡೂ ಸತ್ತವು. ಕಾರ್ಯಕ್ರಮ ಮುಗಿಯಿತೆಂದು ನಾನು ಊಟಕ್ಕೆ ಹೋದೆ. ಡೈರಿಯಲ್ಲಿ ‘ಕರೆಂಟ್ ಹೋಗಿ ಕೆಟ್ಟಿತು’ ಎಂದು ಬರೆದಿದ್ದೇನೆ. ಅವನು ಹೇಳುವ ಪ್ರಕಾರ ಅಲ್ಲಿಂದಲೇ ಶುರುವಾದದ್ದು. ಅವನೊಬ್ಬನೇ ನುಡಿಸಿದ. ಗಿಟಾರಿನವನು ಸದ್ದಿಲ್ಲದ ಗಿಟಾರನ್ನು ಕೊರಳಲ್ಲಿ ಹಾಕಿಕೊಂಡೇ ಪಕ್ಕದಲ್ಲಿ ಬಂದು ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕರೆಂಟು ಬರುವವರೆಗೂ ಕೇಳಿದ. ನಾನು ಆಗ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ.

ಎದ್ದು ಬರುವವಳಿದ್ದೆ. ಅಷ್ಟರಲ್ಲಿ ಅವನ ಅಬ್ಬ, “ಆ ಗುಬ್ಬೀದು ಪೂರ್ತಿ ಹಾಕಮ್ಮ,” ಅಂದರು. “ನಾನು ಎದ್ದೋಗಿದ್ದು ಗೊತ್ತು. ಆಮೇಲೆ ಏನಾಯ್ತು ಗೊತ್ತಿಲ್ವಲ್ಲ.”

ಹಾಕಿದೆ. ಗಿಟಾರು ನುಗ್ಗಿತು. ಮಗ ಮುಖ ಆಚೆ ತಿರುಗಿಸಿಕೊಂಡು ರಸ್ತೆ ನೋಡುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ಸಾಹೇಬರ ಕೈ ಬಿರಡೆಯ ಮೇಲೆ ನಿಂತಿತು.

“ಇದು ನಮ್ಮ ನಡೆ.”

“ಯಾವುದು ಅಬ್ಬ?”

“ಗಿಟಾರ್ ಬಿಡು. ಕೆಳಗಡೆ ಕೇಳು.”

ಅವನು ಮೊಬೈಲನ್ನು ಕಿವಿಗೆ ಹಿಡಿದುಕೊಂಡ. ಹಿಂದಕ್ಕೆ ಹಾಕಿ ಮತ್ತೆ ಕೇಳಿದ. ನಾನೂ ಬಗ್ಗಿ ಕೇಳಿದೆ. ಅಷ್ಟು ಸಲ ಕೇಳಿದ್ದರೂ ನನ್ನ ಕಿವಿ ಗಿಟಾರಿನ ಹಿಂದೆಯೇ ಓಡಿತ್ತು. ಕೆಳಗಡೆ, ಆ ರಭಸದ ಅಡಿಯಲ್ಲಿ, ಡ್ರಮ್ಸು ಬೇರೆಯದೇ ಒಂದು ನಡಿಗೆಗೆ ಹೊರಳಿತ್ತು. ಹೆಣ್ಣು ಕಳಿಸುವ ಧಾಟಿಯ ತಾಳ ಅದು. ಎರಡು ಹೆಜ್ಜೆ ಇಟ್ಟು ಒಂದು ಹೆಜ್ಜೆ ತಡೆಯುತ್ತದೆ, ಹಿಂತಿರುಗಿ ನೋಡುವವರಿಗೆ ಹೊತ್ತು ಕೊಡುವಂತೆ.

“ನಾನು ಇದನ್ನ ಹೊಡೆದ್ನಾ?” ಅಂದ ಅವನು.

“ಮತ್ತೆ ನಾನು ಹೊಡೆದ್ನಾ?” ಅಂದರು ಅಬ್ಬ. “ಟೆಂಪೋ ಹತ್ತೋವಾಗ ಇದು ಕೇಳಿಸ್ತು ಅನ್ಸುತ್ತೆ ನಂಗೆ.”

“ಇಲ್ಲ ಅಬ್ಬ. ಈಗ ಕೇಳಿದ್ದನ್ನ ಆವಾಗ ಕೇಳಿದಂಗೆ ಅನ್ನಿಸ್ತಿದೆ ನಿಮಗೆ.”

“ಇರಬೌದು,” ಅಂದರು ಅವರು. “ಹುಡುಗ ಚೆನ್ನಾಗೇ ನುಡಿಸ್ತಾನೆ ಆ ಗಿಟಾರ್‌ನವನು. ಆದ್ರೆ ಯಾರ ಮದುವೆ ಅಂತ ಕೇಳಲ್ಲ.”

ಇದಕ್ಕೆ ಮಗ ನಕ್ಕ. ಆದರೂ ಬರುತ್ತೇನೆ ಅನ್ನಲಿಲ್ಲ. ಗಿಟಾರಿನವನಿಗೆ ಹೇಳಬೇಡಿ ಎಂದೂ ಅನ್ನಲಿಲ್ಲ. ನಾನು ತಮ್ಮನಿಗೆ ಹೇಳಿದೆ. ಮರುದಿನ ನಾವಿಬ್ಬರೂ ಅಂತರಸನಹಳ್ಳಿಗೆ ಹೋಗಿ, ಟೀ ಹೊತ್ತಿಗೆ ಗಿಟಾರಿನವನನ್ನು ವರ್ಕ್‌ಶಾಪಿನ ಗೇಟಿನ ಹೊರಗೆ ಹಿಡಿದೆವು.

“ಬುಡು ಅಂದ್ರೆ ಬುಡು ತಾನೆ?” ಅಂದ ಅವನು. ಅವನ ಊರು ಮಾರ್ಕೋನಹಳ್ಳಿ ಡ್ಯಾಮಿನ ನಾಲೆಯ ಮೇಲಿದೆ. “ನಮ್ಮೂರಲ್ಲಿ ನಾಲೆ ಮೇಲ್ ನಿಂತ್ಕಂಡು ಬುಡು ಅಂದ್ರೆ ತೂಬು ಎತ್ತು ಅಂತ. ನೀರು ಬುಟ್ರು ಅಂದ್ರೆ ಊರೇ ಎದ್ದೋಡ್ತದೆ. ನಿಲ್ಸು ಅನ್ಬೇಕಾದೋನು ಬುಡು ಅಂದ್ರೆ ನಾನೇನ್ ಮಾಡ್ಲಿ?”

“ಬುಡು ಅಂದ್ರೆ ಕೈ ಬಿಡು ಅಂತಾನೂ ಆಗುತ್ತಲ್ಲೋ,” ಅಂದ ತಮ್ಮ.

“ಆಯ್ತದೆ. ಯಾರಿಲ್ಲ ಅಂದ್ರು? ಎರಡಕ್ಕೂ ಒಂದೇ ಮಾತು ಮಾಡಿರೋನ್ನ ಕೇಳು ಹೋಗು.” ಗ್ಲಾಸು ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ, “ಅವರಪ್ಪ ಬಂದಿದ್ರಾ ಅಕ್ಕ?” ಅಂದ.

“ಬಂದಿದ್ರು.”

ಗಿಟಾರಿನವನು ಟೀ ಅರ್ಧ ಬಿಟ್ಟು ಒಳಗೆ ಹೋದ.

ಆಯುಧಪೂಜೆಯ ದಿನ ಅವನ ವರ್ಕ್‌ಶಾಪಿನಲ್ಲೇ ಕಾರ್ಯಕ್ರಮ. ಓನರು ಹಿಂದಿನ ಶೆಡ್ಡನ್ನು ಅವರ ಪ್ರಾಕ್ಟೀಸಿಗೆ ಬಿಟ್ಟಿದ್ದರು, ಅದರ ಋಣಕ್ಕೆ ವರ್ಷಕ್ಕೊಮ್ಮೆ ಅಲ್ಲಿ ನುಡಿಸುತ್ತಿದ್ದರು. ಬೆಳಿಗ್ಗೆಯೇ ಪೂಜೆ ಆಗಿತ್ತು. ಲೇತ್‌ಗಳಿಗೆಲ್ಲ ಬಾಳೆಕಂದು, ಸೇವಂತಿಗೆ ಹಾರ. ಗಿಟಾರಿಗೂ ಹಾರ, ಉಳಿದಿದ್ದ ಡ್ರಮ್ಮುಗಳಿಗೂ ಕುಂಕುಮ. ಗೇಟಿನಲ್ಲಿ ಒಡೆದ ಬೂದುಗುಂಬಳದ ಹೋಳುಗಳನ್ನು ದಾಟಿಕೊಂಡು ಒಂದು ಟೆಂಪೋ ಒಳಗೆ ಬಂತು. ಉಳಿದ ಸಾಮಾನು ಒಯ್ಯಲು ಡ್ರಮ್ಸಿನವನೇ ತಂದಿದ್ದ. ಮುಂದೆ ಡ್ರೈವರಿನ ಪಕ್ಕ ಅವನ ಅಬ್ಬ ಕೂತಿದ್ದರು. ಓನರು ಅವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಪೇಪರಿನಲ್ಲಿ ಪುರಿ, ಕಡಲೆ, ಸ್ವೀಟು ಕೊಟ್ಟರು.

ಇದೇ ಕೊನೆ ಎಂದು ಎಲ್ಲರಿಗೂ ಗೊತ್ತಿತ್ತು. ಡ್ರಮ್ಸಿನವನು ಆಯಿಲ್ ಡಬ್ಬದ ಮೇಲೆ ಕೂತ. ಒಂದು ಧಾಟಿ ಎತ್ತಿಕೊಂಡರು, ಚೆನ್ನಾಗಿಯೇ ಇತ್ತು. ಆದರೆ ಮೂವರೂ ಒಬ್ಬರಿಗೊಬ್ಬರು ದಾರಿ ಬಿಡುವವರಂತೆ ನುಡಿಸುತ್ತಿದ್ದರು, ಕಿರಿದಾದ ಓಣಿಯಲ್ಲಿ ಎದುರಾದ ನೆಂಟರ ಹಾಗೆ. ಗಿಟಾರಿನವನಂತೂ ಒಂದು ಸಾಲು ನುಡಿಸುವುದು, ಕತ್ತು ತಿರುಗಿಸಿ ಡ್ರಮ್ಸಿನವನ ಮುಖ ನೋಡುವುದು. ಮತ್ತೊಂದು ಸಾಲು, ಮತ್ತೆ ನೋಡುವುದು. ಡ್ರಮ್ಸಿನವನಿಗೆ ತಡೆಯಲಾಗಲಿಲ್ಲ. “ಬುಡು,” ಅಂದ.

ಗಿಟಾರಿನವನು ಎರಡೂ ಕೈಗಳನ್ನು ತಂತಿಯಿಂದ ಎತ್ತಿದ. ಎತ್ತಿ ಬೆನ್ನ ಹಿಂದೆ ಕಟ್ಟಿಕೊಂಡ. ತಮ್ಮನ ಬೇಸೂ ನಿಂತಿತು, ಡ್ರಮ್ಸೂ ನಿಂತಿತು.

“ಕರೆಂಟ್ ಹೋಯ್ತಾ?” ಅಂದರು ಯಾರೋ.

“ಲೈಟ್ ಉರೀತಾ ಐತಲ್ಲಾ.”

“ಲೇ, ನುಡಿಸು ಅಂದೆ ಕಣೋ,” ಅಂದ ಡ್ರಮ್ಸಿನವನು.

“ಬುಡು ಅಂದೆ ನೀನು.”

“ನಿಮ್ಮೂರ ಬುಡು ಕಣೋ ಅದು.”

“ನಾನು ನಿಂದು ಅನ್ಕಂಡೆ.”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು, ಏನೆಂದು ಗೊತ್ತಿಲ್ಲದವರೂ. ಡ್ರಮ್ಸಿನವನು ಕಡ್ಡಿ ಕೈಯಲ್ಲಿ ಹಿಡಿದು ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಬ್ಬನೇ ಶುರುಮಾಡಿದ. ಎರಡು ಹೆಜ್ಜೆ ಇಟ್ಟು ಒಂದು ತಡೆಯುವ ಆ ನಡೆ. ತಮ್ಮ ಹುಷಾರಾಗಿ ಅದರ ಪಕ್ಕದಲ್ಲಿ ಹೆಜ್ಜೆ ಇಟ್ಟ. ಗಿಟಾರಿನವನು ಕೈ ಹಿಂದೆಯೇ ಕಟ್ಟಿಕೊಂಡು, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹುಡುಗನಂತೆ ನಿಂತಿದ್ದ. ಇಷ್ಟು ವರ್ಷದಲ್ಲಿ ಅವನಿಂದ ನಾನು ಕೇಳಿದ್ದರಲ್ಲಿ ಅತ್ಯಂತ ಒಳ್ಳೆಯದು, ಅವನು ಏನನ್ನೂ ನುಡಿಸದ ಆ ಹೊತ್ತೇ ಇರಬೇಕು. ಡ್ರಮ್ಸಿನ ಸದ್ದಿಗೆ ಅಷ್ಟು ಜಾಗ ಇದೆ ಎಂದು ನನಗೆ ಆವತ್ತು ಗೊತ್ತಾಯಿತು. ತಡೆಯುವ ಹೆಜ್ಜೆಯಲ್ಲಿ ಪ್ರತಿ ಸಲವೂ ಒಂದು ಬಾಗಿಲು ಅರ್ಧ ತೆರೆದು ನಿಲ್ಲುತ್ತಿತ್ತು.

ಆ ಬಾಗಿಲಲ್ಲೇ ಗಿಟಾರಿನವನು ಒಳಗೆ ಬಂದ. ಹೆಣ್ಣು ಕಳಿಸುವ ಧಾಟಿಯನ್ನು ಒಂದೊಂದೇ ಸ್ವರವಾಗಿ ಇಟ್ಟ. ಕುರ್ಚಿಯಲ್ಲಿದ್ದ ಸಾಹೇಬರು ಬಾಯಿಗೆ ಹಾಕುತ್ತಿದ್ದ ಪುರಿಯನ್ನು ಕೈಯಲ್ಲೇ ಹಿಡಿದರು. ಮೂರನೆಯ ಸಾಲಿನಲ್ಲಿ, “ಅಲ್ಲಿ ಹಂಗಲ್ಲಪ್ಪ. ಒಂದು ಮನೆ ಕೆಳಗಿನ ಸ್ವರ,” ಅಂದರು. ಅವನು ತಲೆಯಾಡಿಸಿ ಮತ್ತೆ ನುಡಿಸಿದ, ಮತ್ತೆ ಅಲ್ಲೇ ತಪ್ಪಿದ. ಮೂರನೆಯ ಸಲವೂ ತಪ್ಪಿದ. ಆದರೆ ಈ ಸಲ ತಮ್ಮನ ಬೇಸು ಆ ತಪ್ಪಿನ ಕೆಳಗೇ ಬಂದು ನಿಂತು ಅದಕ್ಕೆ ಆಧಾರ ಕೊಟ್ಟಿತು. ಡ್ರಮ್ಸಿನವನು ನಡೆಯನ್ನು ಅಷ್ಟೇ ಅಷ್ಟು ವಾಲಿಸಿದ. ತಪ್ಪಾಗಿದ್ದ ಸ್ವರ ತಿರುವಾಯಿತು. ಅಲ್ಲಿಂದ ಅವರು ಹೋದ ದಾರಿ ಅವರದೂ ಅಲ್ಲ, ಸಾಹೇಬರದೂ ಅಲ್ಲ. ಕಳಿಸಿಕೊಟ್ಟ ಹೆಣ್ಣು ಗಂಡನ ಮನೆಗೆ ಹೋಗದೆ ಇನ್ನೆಲ್ಲೋ ಊರು ನೋಡಲು ಹೊರಟುಬಿಟ್ಟ ಹಾಗಿತ್ತು. ಸಾಹೇಬರು ತಿದ್ದಲೆಂದು ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿದರು. “ಹೋಗ್ಲಿ ಬಿಡು,” ಅಂದರು, ಪಕ್ಕದಲ್ಲಿದ್ದ ನನಗೋ ತಮಗೋ. ಬುಡು ಅಂದರೋ ಬಿಡು ಅಂದರೋ, ಆ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ.

ರೆಕಾರ್ಡಿಂಗನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಗಿಟಾರಿನವನು ಕೈ ಕಟ್ಟಿ ನಿಂತ ಹೊತ್ತು ನನ್ನ ನೆನಪಿನಲ್ಲಿ ಬಹಳ ಉದ್ದವಾಗಿದೆ. ಮೊಬೈಲಿನಲ್ಲಿ ಅದು ತೀರ ಚಿಕ್ಕದು, ಮಧ್ಯೆ ಯಾರೋ ಕೆಮ್ಮುವುದೂ ಇದೆ. ಎರಡನ್ನೂ ಡೈರಿಯಲ್ಲಿ ಬರೆದುಕೊಂಡಿದ್ದೇನೆ, ಯಾವುದನ್ನೂ ಹೊಡೆದುಹಾಕಿಲ್ಲ.

ಮುಗಿದ ಮೇಲೆ ಟೆಂಪೋಗೆ ಸಾಮಾನು ಏರಿಸಲು ಗಿಟಾರಿನವನೇ ಕೈ ಹಾಕಿದ. ದೊಡ್ಡ ಡ್ರಮ್ಮು ಹೋಯಿತು. ಮದುವೆಗೆ ಅದು ಬೇಕು. ಮುಂದೆ ಇಟ್ಟುಕೊಳ್ಳುವ ಸಣ್ಣ ಡ್ರಮ್ಮನ್ನು ಎತ್ತಲು ಹೋದಾಗ ಡ್ರಮ್ಸಿನವನು, “ಅದಿರ್ಲಿ,” ಅಂದ.

ಗಿಟಾರಿನವನು ಬಗ್ಗಿದವನು ಹಾಗೇ ನಿಂತ.

“ಮದುವೆ ಸೀಸನ್ನಲ್ಲಿ ನಂಗೆ ಬರಕ್ಕಾಗಲ್ಲ,” ಅಂದ ಇವನು. “ಅಬ್ಬಂಗೆ ಜೊತೆಗೆ ಜನ ಬೇಕು. ಧನುರ್ಮಾಸದಲ್ಲಿ ಬರ್ತೀನಿ.”

“ಧನುರ್ಮಾಸ ಆದ್ಮೇಲೆ?”

“ಆಷಾಢ.”

“ಮಧ್ಯ ನಾನೇನ್ ಮಾಡ್ಲಿ?”

“ಕೈ ಕಟ್ಕೊಂಡು ನಿಲ್ಲೋದು ಪ್ರಾಕ್ಟೀಸ್ ಮಾಡು. ಚೆನ್ನಾಗ್ ಬರುತ್ತೆ ನಿಂಗೆ.”

“ಸ್ಟೂಲ್ ತರ್ತೀಯೇನ್ಲಾ?”

“ಅದು ಅಬ್ಬಂದು. ನಂಗೆ ಡಬ್ಬಾನೇ ಸಾಕು.”

ಟೆಂಪೋ ಗೇಟು ದಾಟಿತು. ಆಯಿಲ್ ಡಬ್ಬವನ್ನು ಯಾರೂ ಸರಿಸದಂತೆ ತಮ್ಮ ಅದನ್ನು ಶೆಡ್ಡಿನ ಮೂಲೆಯಲ್ಲಿಟ್ಟು, ಮೇಲೆ ಸಣ್ಣ ಡ್ರಮ್ಮನ್ನು ಕೂರಿಸಿ, ಹಳೆಯ ಬೆಡ್‌ಶೀಟ್ ಹೊದಿಸಿದ.

ದೀಪಾವಳಿ ಆದಮೇಲೆ ಒಂದು ಬೆಳಿಗ್ಗೆ ನಾನು ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ಎತ್ತಿ ನೋಡುತ್ತಿದ್ದಾಗ ಅಮ್ಮ ಕೇಳಿದಳು.

“ಏನ್ ಹುಡುಕ್ತಿದ್ದೀಯೇ?”

“ಧನುರ್ಮಾಸ ಯಾವಾಗ ಬರುತ್ತಮ್ಮ?”

“ಬೆಳಿಗ್ಗೆ ಎಬ್ಬಿಸಿದ್ರೆ ಏಳದೋಳು ನೀನು. ಧನುರ್ಮಾಸ ಕಟ್ಕೊಂಡು ನಿಂಗೇನಾಗ್ಬೇಕು?” ಅಂದವಳು, ಒಲೆ ಸಣ್ಣ ಮಾಡಿ ಬಂದು, ತಾನೂ ಕನ್ನಡಕ ಹಾಕಿಕೊಂಡು ನನ್ನ ಪಕ್ಕ ನಿಂತು ಹುಡುಕತೊಡಗಿದಳು.